ಬೇವಿನಗುಮಟಿಯ ಕೈಕಂಬ

ವಾಡಿ
೩ ಫೆಬ್ರವರಿ ೧೯೩೪

ಲೇ ನಾಗ್ಯಾ,

ನೀ ಸೇಡಂ ಸಾಲಿ ಮಾಸ್ತರ ಆಗಿರಬೇಕು, ದೊಡ್ಡ ರುಮಾಲ ಸುತ್ತಿರಬೇಕು. ನನಗ ಮಾತ್ರ ನೀ ಭಂಕೂರದಾಗ ಗುರುಲಿಂಗಯ್ಯನೋರ ಮುಂದ ಉಸುಕಿನ್ಯಾಗ ಅಕ್ಷರ ತಿದ್ದಿ, ನನ್ನ ಬಾಜೂಕ ಕುಂತು ಬೆತ್ತ ತಿಂದ ನಾಗ್ಯಾನೇ. ಅದಕ್ಕ ನಮಸ್ಕಾರ ಗಿಮಸ್ಕಾರ ಬಿಟ್ಟು ಸುದ್ದಿಗೆ ಬರ್ತೀನಿ.

ಮುದುಕಿ ಹೋಗಾಕತ್ತಾಳ. ವಾಡಿ ಶೆಡ್ಡಿನಾಗ ಎಲ್ಲಕ್ಕಿಂತ ಹಳೇ ಇಂಜಿನ್ನು ಅದೇ. ನಮ್ಮಪ್ಪ ಸಣ್ಣವಿದ್ದಾಗ ಅದನ್ನ ನೋಡಿ ಹೆದರಿ ಜ್ವಾಳದ ಹೊಲದಾಗ ಓಡಿ ಹೋಗಿದ್ನಂತ. ಹನ್ನೊಂದನೇ ತಾರೀಖು ಅಕೀದು ಕಡೀ ಗಾಡಿ. ಆಮ್ಯಾಲ ಬಿಚ್ಚಿ ಗುಜರಿಗೆ ಹಾಕ್ತಾರ. ನಮ್ಮ ಡ್ರೈವರ್ ಖಾಜಾಮಿಯಾ ಇಪ್ಪತ್ತೆರಡು ವರ್ಷ ಅಕೀನ್ನ ಓಡಿಸ್ಯಾನ. ಈಗ ಒಂದು ವಾರದಿಂದ ಯಾರ ಕೂಡನೂ ನೆಟ್ಟಗ ಮಾತಾಡವಲ್ಲ. ಮನಿಯಾಗ ಜೈತುನ್ಬೀ ಭಾಬಿ ಮ್ಯಾಲ ಸಿಟ್ಟು, ಇಂಜಿನ್ನಿನಾಗ ನನ್ನ ಮ್ಯಾಲ ಸಿಟ್ಟು.

ನೀ ಹಳೇ ಇಂಜಿನ್ನು, ಹೊಳಿ, ಬ್ರಿಜ್ಜು, ಗುಡ್ಡ ಅಂತ ಆ ಮೂರು ಕಾಲಿನ ಕ್ಯಾಮೆರಾ ಹೊತಗೊಂಡು ಹುಚ್ಚರಂಗ ತಿರಗಾಂವ. ಇದೊಂದು ತಕ್ಕೋ. ಚಿತ್ತಾಪುರ ದಾಟಿ ಸೇಡಂ ಕಡೆ ಬರೂ ದಾರ್ಯಾಗ ಬೇವಿನಗುಮಟಿ ಅಂತ ಸಣ್ಣ ಸ್ಟೇಷನ್ ಅದಲ್ಲ, ಅದಕ್ಕಿಂತ ಮೊದಲ ಗೇಟಿನ ಬಾಜೂಕ ಸುಣ್ಣ ಹಚ್ಚಿದ ಗುಮಟಿ ಮನಿ ಅದ, ಅಲ್ಲೇ ಸಿಗ್ನಲ್ಲಿನ ಕೈಕಂಬ ಅದ. ಅಲ್ಲಿ ನಿಂದ್ರು. ಮುಂಜಾನಿ ಎಂಟಕ್ಕ ಬಿಸಿಲು ನೇರ ಮುದುಕಿ ಮಾರಿಗೆ ಬಡೀತದ. ನಾ ಕಲ್ಲಿದ್ದಲಿ ತುಂಬಿ ನಿನಗ ಬೇಕಾದಷ್ಟು ಕರೀ ಹೊಗಿ ಬಿಡ್ತೀನಿ. ಖಾಜಾಮಿಯಾ ಅಲ್ಲಿ ಮೆಲ್ಲಕ ಹೊಡೀತೀನಿ ಅಂದಾನ, ಮೊದಲ ನಿನಗ ನಾಕು ಬೈದು.

ಬರ್ಲಿಲ್ಲ ಅಂದ್ರ ಮತ್ತ ಮಾರಿ ತೋರಸಬ್ಯಾಡ.

ನಿನ್ನ ಕರೀ ಮಾರಿ ಗೆಳ್ಯ,
ಅಂಬರಾಯ, ಫೈರ್‌ಮ್ಯಾನ್


ಸೇಡಂ
೨೦ ಫೆಬ್ರವರಿ ೧೯೩೪

ಗೆಳೆಯ ಅಂಬರಾಯ,

ಖಾಜಾಮಿಯಾನ ಮುಖ ಈಗ ಹೇಗಿದೆ? ಎಡಗಣ್ಣು ತೆರೆದನೇ? ನನಗೆ ಇನ್ನೂ ಆ ಸಪ್ಪಳವೇ ಕಿವಿಯಲ್ಲಿದೆ. ಮುದುಕಿ ನನ್ನನ್ನು ದಾಟಿ ತಿರುವಿನಾಚೆ ಹೋಗಿ ಎರಡು ನಿಮಿಷ ಆಗಿತ್ತೋ ಇಲ್ಲವೋ. ಓಡಿ ಬಂದು ನೋಡಿದರೆ ಫರಸಿ ಕಲ್ಲು ತುಂಬಿದ ಡಬ್ಬಿಗಳು ಅದೇ ಹಳಿಯ ಮೇಲೆ, ಮುದುಕಿ ಅವುಗಳೊಳಗೆ ಹೊಕ್ಕು ನಿಂತಿದ್ದಾಳೆ. ಹಳಿ ಬದಲಿಸುವ ಆಳು ಗೊಲ್ಲಾಳಪ್ಪ ಪಾಪ ಅಲ್ಲೇ ಹೋಗಿಬಿಟ್ಟಿದ್ದ. ಖಾಜಾಮಿಯಾ ನಿನ್ನನ್ನು ಹೊರಗೆ ನೂಕಿ ತಾನು ಬ್ರೇಕು ಹಿಡಿದು ನಿಂತನಂತಲ್ಲ. ನಾವಿಬ್ಬರೂ ಅವನನ್ನು ಆ ಉಗಿಯೊಳಗಿಂದ ಎಳೆದಾಗ ಅವನ ಅಂಗಿಯ ಜೊತೆ ಕೆನ್ನೆಯ ಚರ್ಮವೂ ಬಂತು, ಅದನ್ನು ಮರೆಯಲಾರೆ.

ಈ ಹೊತ್ತಿನಲ್ಲಿ ಹೇಳಬಾರದು, ಆದರೂ ನಿನಗೆ ಹೇಳದೆ ಇನ್ನಾರಿಗೆ ಹೇಳಲಿ? ಚಿತ್ರ ಹಿಡಿದ ಗಾಜು ತೊಳೆದೆ. ಹನ್ನೆರಡು ವರ್ಷದಲ್ಲಿ ನನ್ನ ಕೈಯಿಂದ ಇಂಥ ಚಿತ್ರ ಬಂದಿಲ್ಲ. ನೀನು ಬಿಟ್ಟ ಹೊಗೆ ಒಂದು ಕಡೆಗೆ ವಾಲಿ ತೊಗರಿ ಹೊಲದ ಮೇಲೆ ಹೋಗಿದೆ. ಮುದುಕಿಯ ಮುಖದ ಒಂದೊಂದು ಬೋಲ್ಟೂ ಎಣಿಸಬಹುದು. ಹೊಗೆಯ ಪಕ್ಕದಲ್ಲಿ ಒಂದು ಕಡ್ಡಿಯಂಥದ್ದು ಆಕಾಶಕ್ಕೆ ಅಡ್ಡ ಬಂದು ಕಣ್ಣಿಗೆ ಚುಚ್ಚುತ್ತಿತ್ತು, ಅದನ್ನು ಸ್ವಲ್ಪ ತಿದ್ದಿದ್ದೇನೆ. ಹೈದರಾಬಾದಿನಲ್ಲಿ ಹವ್ಯಾಸಿಗಳ ಚಿತ್ರಪ್ರದರ್ಶನವಿದೆ. ಕಳಿಸಲು ನಾಳೆಯೇ ಕಡೆಯ ದಿನ. ಮುದುಕಿ ಹೋದಳು, ಚಿತ್ರವಾದರೂ ಉಳಿಯಲಿ.

ನಿನ್ನ,
ನಾಗೇಂದ್ರಪ್ಪ


ವಾಡಿ
೧೦ ಮಾರ್ಚ್ ೧೯೩೪

ನಾಗ್ಯಾ,

ಇತ್ತ ಕ್ಷೇಮ ಅಂತ ಬರಿಯಾಕ ಇಲ್ಲಿ ಕ್ಷೇಮ ಉಳದಿಲ್ಲ. ರೈಲ್ವೆದವ್ರ ವಿಚಾರಣಿ ಮುಗೀತು. ಕೈ ಅಡ್ಡ ನಿಂತಿತ್ತಂತ, ಖಾಜಾಮಿಯಾ ನೋಡದಽ ಒಳಗ ಹೊಡದನಂತ, ಗೊಲ್ಲಾಳಪ್ಪನ ಸಾವು ಅವನ ಕೊಳ್ಳಿಗಂತ. ನಿನ್ನೆ ಪೊಲೀಸರು ದವಾಖಾನಿಗೆ ಬಂದು, ಮಾರಿಗೆ ಕಟ್ಟಿದ ಪಟ್ಟಿ ಬಿಚ್ಚೂಕಿಂತ ಮೊದಲ ಅವನ್ನ ಕರಕೊಂಡು ಹೋದ್ರು. ಜೈತುನ್ಬೀ ಭಾಬಿ ಗಾಡಿ ಹಿಂದ ಓಡ್ಯಾಳ, ಚಪ್ಲಿ ಸುದ್ದಾ ಇಲ್ಲದ.

ಸುಳ್ಳ! ಹಸೀ ಸುಳ್ಳ! ಕೈ ಕೆಳಗ ಬಿದ್ದಿತ್ತು. ಕೈ ಬಿತ್ತು ಅಂದ್ರ ದಾರಿ ಖುಲ್ಲಾ, ಬಾ ಅಂತ. ಅಡ್ಡ ನಿಂತ್ರ ನಿಂದ್ರು ಅಂತ. ಅದನ್ನ ನೋಡಿ ಡ್ರೈವರ್ ಕೂಗಬೇಕು, ಫೈರ್‌ಮ್ಯಾನ್ ನೋಡಿ ತಿರಗಿ ಕೂಗಬೇಕು, ಅದು ನಮ್ಮ ಕೆಲಸದ ರಿವಾಜು. ಖಾಜಾಮಿಯಾ "ಹಾತ್ ಗಿರ್ಯಾ" ಅಂದ, ಕೈ ಬಿತ್ತು ಅಂತ. ನಾ ಹೊಗಿ ಬಾಜೂಕ ಬಗ್ಗಿ ನೋಡಿ "ಗಿರ್ಯಾ" ಅಂದೆ. ಡಿಕ್ಕಿ ಹೊಡದ ಕೂಡಲೆ ಆ ಸ್ಟೇಷನ್ ಬಾಬು ಓಡಿ ಹೋಗಿ ಸರಪಳಿ ಬಿಟ್ಟು ಕೈ ಎತ್ತಿಟ್ಟಾನ. ತನ್ನ ಹಳಿ ಮ್ಯಾಲ ಡಬ್ಬಿ ನಿಂತದ್ದು ಮರ್ತು ಗಾಡಿಗೆ ದಾರಿ ಕೊಟ್ಟಾನ, ಈಗ ತನ್ನ ಕುಂಡಿ ಉಳಿಸ್ಕೊಳ್ಳಾಕತ್ಯಾನ.

ನನ್ನ ಮಾತು ಯಾರೂ ಕೇಳವಲ್ರು. ನಾ ಅವನ ಫೈರ್‌ಮ್ಯಾನ್, ಅವನ ಪರ ಹೇಳ್ತೀನಂತ. ಮ್ಯಾಲ ಸರಕಾರಿ ವಕೀಲ ಏನಂತಾನ ಗೊತ್ತೇನು? ಇಬ್ಬರೂ ಫೋಟೋಕ್ಕ ಮಾರಿ ತೋರಸ್ಕೋತ ಬಂದ್ರು, ಕೈ ಎಲ್ಲಿ ನೋಡ್ಯಾರು ಅಂತ. ನಿನ್ನ ಕರದಾಂವ ನಾನೇ. ಹೊಗಿ ಬಿಟ್ಟಾಂವ ನಾನೇ. ಅದು ನನ್ನ ಎದ್ಯಾಗ ಕುಂತದ.

ಆದ್ರ ನೀ ಇದ್ದಿ. ಮುದುಕಿ ಇನ್ನಾ ಕಂಬ ಮುಟ್ಟಿದ್ದಿಲ್ಲ, ಆವಾಗ ನೀ ಹೊಡದ ಚಿತ್ರ ಅದು. ಅದರಾಗ ಕೈ ಬಂದೇ ಬಂದಿರತದ. ಆ ಗಾಜು ತಗೊಂಡು ವಾಡಿಗೆ ಬಾ. ವಕೀಲರ ಮನಿಗೆ ಹೋಗೂಣು. ನಿನ್ನ ಹನ್ನೆರಡು ವರ್ಷದ ಹುಚ್ಚು ಒಬ್ಬನ ಜೀವಕ್ಕ ಬಂತು ಅಂತ ಭಾಬಿಗೆ ಹೇಳೀನಿ. ಅಕಿ ನಿನ್ನ ಹೆಸರು ತಗೊಂಡು ದುವಾ ಬೇಡಾಕತ್ತಾಳ.

ದಾರಿ ಕಾಯ್ತಿರೂ,
ಅಂಬರಾಯ


ಸೇಡಂ
೩೦ ಮಾರ್ಚ್ ೧೯೩೪

ಅಂಬರಾಯ,

ನಿನ್ನ ಪತ್ರ ತಲುಪಿತು. ಇಲ್ಲಿ ಪರೀಕ್ಷೆಗಳ ಗಡಿಬಿಡಿ. ಬಿಸಿಲು ಬೇರೆ ವಿಪರೀತ, ರಂಜಣಗಿಯ ನೀರೂ ತಣ್ಣಗಾಗುತ್ತಿಲ್ಲ. ಇಂಥ ಬಿಸಿಲಲ್ಲಿ ಚಿತ್ರದ ಕೆಲಸ ಆಗದು. ಕೋರ್ಟು ಕಚೇರಿ ಎಂದರೆ ಶಾಲೆಯ ಇನ್ಸ್‌ಪೆಕ್ಟರ್ ಸಾಹೇಬರ ಪರವಾನಗಿಯೂ ಬೇಕು. ನೋಡೋಣ. ಖಾಜಾಮಿಯಾನಿಗೆ ಧೈರ್ಯ ಹೇಳು.

ನಾಗೇಂದ್ರಪ್ಪ


ವಾಡಿ
೧೯ ಏಪ್ರಿಲ್ ೧೯೩೪

ನಾಗ್ಯಾ,

ನೋಡೋಣ ಅಂತಿ? ಏನು ನೋಡ್ತಿ? ಮನಶಾ ಒಳಗ ಕುಂತಾನ, ಹುಣ್ಣಿನಾಗ ಕೀವು ಆಗ್ಯಾದ, ನೀ ನೋಡೋಣ ಅಂತಿ?

ಮೊನ್ನೆ ನಾನೇ ಸೇಡಂಗೆ ಬಂದಿದ್ದೆ. ಕೆಲಸದಿಂದ ತಗದಾರ, ಬರಾಕ ಪಾಸ್ ಇಲ್ಲ. ಚಿತ್ತಾಪುರ ತನಕ ಫರಸಿ ಬಂಡ್ಯಾಗ ಕುಂತು, ಅಲ್ಲಿಂದ ನಡದು ಬಂದೆ. ನಿನ್ನ ಮನಿ ಬಾಗಿಲ ತಗದಾಕಿ ಸೂಗಮ್ಮ ವೈನಿ. "ಅವರು ಚಿಂಚೋಳಿ ಗುಡ್ಡಕ್ಕ ಹೋಗ್ಯಾರ್ರಿ, ಅಡವಿದು ಫೋಟೋ ತೆಗೀಲಿಕ್ಕ, ಎಂಟು ದಿನ ಆಗ್ತದ್ರಿ" ಅಂದಳು. ನನ್ನ ಕಾಲಾಗಿನ ಬೊಬ್ಬಿ ನೋಡಿ ನೀರು ಕೊಟ್ಟಳು, ರೊಟ್ಟಿ ಪುಂಡಿಪಲ್ಯ ಬಡಿಸಿದಳು. ತಿನ್ನಬಾರದಿತ್ತು, ಹಸಿವಿ ಕೇಳಲಿಲ್ಲ, ತಿಂದೆ. ಅಡವಿ ಎಲ್ಲಿ ಓಡಿ ಹೊಂಟಿತ್ತಲೇ? ಗುಡ್ಡಕ್ಕೇನು ಈ ವಾರ ತಾರೀಖು ಅದ ಏನು? ಖಾಜಾಮಿಯಾಗ ಅದ! ಜೂನ್ ಹದಿನೆಂಟಕ್ಕ, ಅದಾಲತ್ತಿನಾಗ!

ಗಾಜು ಕೊಡ್ರಿ ವೈನಿ, ನಾನೇ ಒಯ್ತೀನಿ ಅಂದೆ. ಅಕಿ ನನ್ನ ಮಾರಿ ನೋಡಲಿಲ್ಲ. "ಅವರನ್ನೇ ಕೇಳ್ರಿ" ಅಂದು ಒಳಗ ಹೋದಳು. ಏನು ಮುಚ್ಚಿಟ್ಟಿ ನಾಗ್ಯಾ?

ಅಂಬರಾಯ


ವಾಡಿ
೮ ಮೇ ೧೯೩೪

ಶ್ರೀ ನಾಗೇಂದ್ರಪ್ಪ ಮಾಸ್ತರರಿಗೆ,

ನಿಮಗ ಬೆಳ್ಳಿ ಪದಕ ಬಂತಂತ್ರಿ, ಭಾಳ ಸಂತೋಷ ಆತು. ಟಿಕೀಟ್ ಬಾಬು ಪೇಪರ್ ತಂದು ತೋರಿಸಿದ. "ನಿಮ್ಮ ಮುದುಕಿ ಅಲ್ಲೇನೋ ಇದು" ಅಂದ. ಚಿತ್ರ ಅಂಗೈಯಷ್ಟು ಅದ, ಮಸಿ ಮಸಿ ಆಗ್ಯಾದ. ಆದ್ರೂ ನಮ್ಮ ಮುದುಕಿ ನಮಗ ಗುರ್ತು ಸಿಗಲ್ಲೇನ್ರಿ? ಹೊಗಿ ಅದ. ಕಂಬ ಅದ.

ಕಂಬದ ಮ್ಯಾಲ ಕೈ ಇಲ್ರಿ.

ಮ್ಯಾಲಕ್ಕ ಇಲ್ಲ, ಕೆಳಗಿಲ್ಲ, ಅಡ್ಡ ಇಲ್ಲ. ಬೋಳ ಕಂಬ. ನಾ ಮೂರು ಸಲ ನೋಡ್ದೆ, ಕಣ್ಣು ತೊಳಕೊಂಡು ಬಂದು ನೋಡ್ದೆ. ಆಮ್ಯಾಲ ನಿಮ್ಮ ಫೆಬ್ರವರಿ ಕಾಗದ ಹುಡಿಕಿ ತಗದು ಓದ್ದೆ. "ಒಂದು ಕಡ್ಡಿಯಂಥದ್ದು." ಕಡ್ಡಿ ಅಂದ್ರಿ. ನಿಮಗ ಅದು ಕಡ್ಡಿ ಆತು. ಅದರ ಮ್ಯಾಲ ಕಣ್ಣಿಟ್ಟು ಮುನ್ನೂರು ಮಂದಿ ಜೀವ ಹೊತಗೊಂಡು ಹೋಗ್ತೀವ್ರಿ ನಾವು ದಿನಾ.

ಹೌದೋ ಅಲ್ಲೋ, ಎರಡೇ ಅಕ್ಷರ ಬರದು ಕಳಸ್ರಿ. ಗುಡ್ಡಕ್ಕ ಹೋಗೂಕಿಂತ ಮೊದಲ.

ತಮ್ಮ ವಿಧೇಯ,
ಅಂಬರಾಯ, ಕೆಲಸ ಇಲ್ಲದ ಫೈರ್‌ಮ್ಯಾನ್


ಸೇಡಂ
೧೪ ಮೇ ೧೯೩೪

ಅಂಬರಾಯ,

ಹೌದು.

ಗಾಜಿನ ಮೇಲೆ ಕಪ್ಪಿದ್ದದ್ದು ತಿಳಿಯಾಗಿ, ಬಿಳಿ ಇದ್ದದ್ದು ಕಪ್ಪಾಗಿ ಮೂಡಿರುತ್ತದೆ. ಕೈ ಮೂಡಿದ್ದಲ್ಲಿ ಬಣ್ಣ ತುಂಬಿದರೆ ಕಾಗದದ ಮೇಲೆ ಅದು ಬರೀ ಆಕಾಶವಾಗುತ್ತದೆ. ಹುಡುಗರ ಬರಹ ತಿದ್ದುವ ಕೆಂಪು ಮಸಿ ಮೇಜಿನ ಮೇಲಿತ್ತು. ಸಣ್ಣ ಕುಂಚದಿಂದ ಹಚ್ಚಿದೆ. ಚಿತ್ರ ಚಂದ ಕಾಣಲಿ ಎಂದು, ಬೇರೆ ಏನೂ ಮನಸ್ಸಿನಲ್ಲಿರಲಿಲ್ಲ. ಆಗ ಯಾರಿಗೆ ಗೊತ್ತಿತ್ತು ಇದೇ ಸಾಕ್ಷಿಯಾಗುತ್ತದೆ ಎಂದು? ಕೈ ಕೆಳಗೇ ಇತ್ತು. ನಾನೇ ಅಳಿಸಿದವನು, ನನಗೆ ಗೊತ್ತಿಲ್ಲವೇ?

ನಿನ್ನ ಮಾರ್ಚಿನ ಪತ್ರ ಬಂದ ದಿನವೇ ಮಸಿ ತೊಳೆಯಲು ಕುಳಿತೆ. ನೀರು ತಣ್ಣಗಿರಬೇಕು, ಹಿಮದಂತಿರಬೇಕು, ನನಗೆ ಗೊತ್ತು. ಅವಸರದಲ್ಲಿ ಅಂಗಳದ ಕೊಡದ ನೀರನ್ನೇ ಸುರಿದೆ. ಬಿಸಿಲಿಗೆ ಕಾದಿತ್ತು. ಗಾಜಿನ ಮೇಲಿನ ಪದರು ಹಾಲಿನ ಕೆನೆಯ ಹಾಗೆ ಸರಿದು ಬೆರಳಿಗೆ ಬಂತು. ಮುದುಕಿ, ಹೊಗೆ, ಎಲ್ಲ. ಸೂಗಮ್ಮ ನೋಡುತ್ತ ನಿಂತಿದ್ದಳು. ಬರೀ ಗಾಜು ಉಳಿಯಿತು.

ಅದನ್ನು ನಿನಗೆ ಬರೆಯುವ ಧೈರ್ಯವಾಗಲಿಲ್ಲ. ಗುಡ್ಡಕ್ಕೆ ಹೋದದ್ದು ಚಿತ್ರಕ್ಕಲ್ಲ, ನೀನು ಬರುತ್ತೀ ಎಂದು ಹೆದರಿ. ಒಂದೂ ಚಿತ್ರ ತೆಗೆಯಲಿಲ್ಲ.

ನಾಗೇಂದ್ರಪ್ಪ


ವಾಡಿ
೧೭ ಮೇ ೧೯೩೪

ಮಾಸ್ತರರಿಗೆ,

ಯಾರಿಗೆ ಗೊತ್ತಿತ್ತು ಅಂತೀರಿ. ಮಾರ್ಚಿನಾಗ ಗೊತ್ತಾತಲ್ರಿ? ಆವಾಗ ಹೇಳಿದ್ರ ಬ್ಯಾರೆ ದಾರಿ ಹುಡುಕ್ತಿದ್ದಿವಿ. ಆ ಗುಮಟಿ ಮನಿ ಗೇಟಿನಾಂವನೂ ಕೈ ನೋಡಿರ್ತಾನ, ಅವ ಊರು ಬಿಟ್ಟು ಹೋಗೂಕಿಂತ ಮೊದಲ ಅವನ ಕಾಲು ಹಿಡೀತಿದ್ದಿವಿ. ಎರಡು ತಿಂಗಳು ಸುಮ್ಮ ಕುಂತಿರಿ. ಎರಡು ತಿಂಗಳು ಆ ಹೆಣಮಗಳು ನಿಮ್ಮ ಹೆಸರಿಲೆ ದುವಾ ಬೇಡ್ಯಾಳ. ಆವಾಗ ನೀವು ಪದಕದ ದಾರಿ ಕಾಯ್ತಿದ್ರಿ. ಥೂ!

ಕೆಂಪು ಮಸೀಲೆ ತಪ್ಪು ತಿದ್ದೋರು ನೀವು. ಖರೇನೇ ತಪ್ಪಂತ ತಿದ್ದಿ ಒಗದ್ರಿ. ಚಂದ ಕಾಣಲಿ ಅಂತ. ನಿಮ್ಮ ಚಂದಕ್ಕ ಬೆಂಕಿ ಹಚ್ಚ. ಖಾಜಾಮಿಯಾನ ಮಾರೀನೂ ಒಮ್ಮೆ ಬಂದು ನೋಡ್ರಿ, ಎಷ್ಟು ಚಂದ ಆಗ್ಯಾದ.

ಜೂನ್ ಹದಿನೆಂಟಕ್ಕ ಕಲಬುರ್ಗಿ ಅದಾಲತ್ತಿಗೆ ಬರ್ರಿ. ಆ ಪದಕದ ಚಿತ್ರ ಹೈದ್ರಾಬಾದಿನಿಂದ ತರಿಸಿ ತಗೊಂಡು ಬರ್ರಿ. ಎಲ್ಲಾರ ಮುಂದ ನಿಂತು, ನಾನೇ ಅಳಿಸೀನಿ ಅಂತ ಬಾಯಿ ಬಿಟ್ಟು ಹೇಳ್ರಿ. ನೌಕ್ರಿ ಹೋದ್ರ ಹೋಗ್ಲಿ, ನಂದು ಹೋಗಿಲ್ಲೇನು? ಬರ್ಲಿಲ್ಲ ಅಂದ್ರ ಭಂಕೂರದಾಗ ನಾವಿಬ್ಬರೂ ಕೂಡಿ ಕಲ್ತದ್ದನ್ನೆಲ್ಲಾ ನಾ ಮರ್ತೆ ಅಂತ ತಿಳೀರಿ.

ಅಂಬರಾಯ


ಸೇಡಂ
೫ ಜೂನ್ ೧೯೩೪

ಅಂಬರಾಯ,

ಚಿತ್ರ ತರಿಸಿದ್ದೇನೆ. ಇನ್ಸ್‌ಪೆಕ್ಟರ್ ಸಾಹೇಬರು ಪರವಾನಗಿ ಕೊಡಲಿಲ್ಲ. ಬರುತ್ತೇನೆ.

ನಾಗೇಂದ್ರಪ್ಪ


ವಾಡಿ
೨೨ ಜೂನ್ ೧೯೩೪

ಮಾಸ್ತರರಿಗೆ,

ನೀವು ಬಂದ್ರಿ, ಹೇಳಿದ್ರಿ. ಅದು ನಾ ಇಲ್ಲ ಅನ್ನಂಗಿಲ್ಲ. ಆ ಸರಕಾರಿ ವಕೀಲ ನಿಮ್ಮನ್ನ ಎತ್ತಿ ಎತ್ತಿ ಒಗದ. "ಚಿತ್ರದಾಗ ಸುಳ್ಳು ಮಾಡಿ ಪದಕ ತಗೊಂಡಾಂವ, ಗೆಳ್ಯಾನ ಸಲುವಾಗಿ ಕೋರ್ಟಿನಾಗ ಸುಳ್ಳು ಹೇಳಲ್ಲೇನು?" ಅಂದ. ಮಂದಿ ನಕ್ಕರು. ನೀವು ಚಿತ್ರ ಮೇಜಿನ ಮ್ಯಾಲ ಬಿಟ್ಟು, ತಲಿ ತಗ್ಗಿಸಿ ಹೊರಗ ಹೋದವ್ರು ತಿರಗಿ ಬರ್ಲಿಲ್ಲ. ಖಾಜಾಮಿಯಾಗ ಏನಾತು ಅಂತ ಕೇಳಾಕೂ ನಿಂದ್ರಲಿಲ್ಲ. ನೀವು ಬರೇ ನಿಮ್ಮ ಮಾನ ನೋಡಿದ್ರಿ. ಅದಕ್ಕ ಬರಿಯಾಕತ್ತೀನಿ, ಇಲ್ಲಂದ್ರ ನಿಮಗ ಕಾಗದ ಹಾಕಬಾರದು ಅಂತಿದ್ದೆ.

ನೀವು ಹೋದ ಮ್ಯಾಲ ಜಡ್ಜ್ ಸಾಹೇಬ್ರು ಏನರೆ ಹೇಳೂದು ಅದ ಏನು ಅಂತ ಖಾಜಾಮಿಯಾನ್ನ ಕೇಳಿದ್ರು. ಅವ ಕೈಮುಗದು, "ಏನಿಲ್ರಿ ಹುಜೂರ್. ನನ್ನ ಮುದುಕೀನ ಒಮ್ಮೆ ನೋಡ್ತೀನ್ರಿ. ಅಕೀನ್ನ ಮುರದು ಒಯ್ದಾರಂತ, ಮತ್ತ ಸಿಗಂಗಿಲ್ಲ" ಅಂದ. ವಕೀಲ ಮತ್ತ ನಕ್ಕ. ಸಾಹೇಬ್ರು ಚಿತ್ರ ಕೊಡ್ರಿ ಅಂದ್ರು.

ಒಂದು ಕಣ್ಣು ಪೂರಾ ಹೋಗ್ಯಾದ. ಉಳದ ಕಣ್ಣಿಗೆ ಹತ್ತರ ಹಿಡದು ನೋಡ್ದ. ಭಾಳ ಹೊತ್ತು ನೋಡ್ದ. ಅದರ ಮ್ಯಾಲ ಕೈ ಆಡಿಸಿದ, ಇಂಜಿನ್ ಒರಸ್ತಿದ್ನಲ್ಲ ಹಾಂಗ. ನಾ ಅಳೂದು ತಡೀಲಾರದ ಮಾರಿ ತಿರಿವಿದೆ. ಆಗ ಅವ ಕೂಗಿದ. ಇಂಜಿನ್ನಿನಾಗ ಕೂಗೂ ದನಿ ಅದೇ. "ಹಾತ್ ಗಿರ್ಯಾ! ಅಂಬರಾಯ, ಹಾತ್ ಗಿರ್ಯಾ!"

ತಲಿ ಕೆಟ್ಟತು ಅಂತ ಪೊಲೀಸ ಹಿಡಿಯಾಕ ಬಂದ. ಖಾಜಾಮಿಯಾ ಚಿತ್ರದ ಮ್ಯಾಲಿಂದ ಬೆರಳು ಎತ್ತಲಿಲ್ಲ. ಬೆರಳು ಆಕಾಶದ ಮ್ಯಾಲ ಇದ್ದಿಲ್ಲ. ಕೆಳಗ, ಆ ಗುಮಟಿ ಮನಿ ಸುಣ್ಣದ ಗ್ವಾಡಿ ಮ್ಯಾಲ ಇತ್ತು. ಮುಂಜಾನಿ ಬಿಸಿಲಿಗೆ ಕಂಬದ ನೆರಳು ಆ ಗ್ವಾಡಿ ಮ್ಯಾಲ ಬಿದ್ದದ. ಆ ನೆರಳಿನ ತುದಿಗೆ ಕೈ ಅದ. ಕೆಳಗ ಇಳದ ಕೈ. ಸಾಹೇಬ್ರು ಭೂತಗನ್ನಡಿ ತರಿಸಿ ನೋಡಿದ್ರು, ವಕೀಲಗ ಕರದು ತೋರಿಸಿದ್ರು. ಅವ ಬಗ್ಗಿ ನೋಡಿ ರುಮಾಲ ಸರಿ ಮಾಡ್ಕೊಂಡು ಹೋಗಿ ಕುಂತ. ಮರುದಿನ ಖಾಜಾಮಿಯಾನ್ನ ಬಿಟ್ರು. ಈಗ ಆ ಸ್ಟೇಷನ್ ಬಾಬೂನ ವಿಚಾರಣಿ ನಡದದ.

ಮಾಸ್ತರ್ರ, ನೀವು ಆ ಗಾಜಿನ ಮುಂದ ಎಷ್ಟು ತಾಸು ಕುಂತಿರಿ? ಅದನ್ನ ಅಳಿಸಾಕ ಕುಂತಿರಿ, ಪ್ರಿಂಟ್ ಮಾಡಾಕ ಕುಂತಿರಿ, ಚೌಕಟ್ಟು ಹಾಕಾಕ ಕುಂತಿರಿ. ಪದಕ ಕೊಟ್ಟವ್ರೂ ನೋಡ್ಯಾರ. ಒಬ್ಬರಿಗೂ ಕಾಣಲಿಲ್ಲ. ಒಂದು ಕಣ್ಣಿನ ಮುದುಕಗ ಕಂಡತು. ಲೇ ನಾಗ್ಯಾ, ಕೆಳಗ ಒಮ್ಮೆ ನೋಡಿದ್ರ ಮಾರ್ಚಿನಾಗೇ ಮುಗೀತಿತ್ತಲ್ಲಲೇ! ಮೂರು ತಿಂಗಳು! ಆ ಹುಣ್ಣು ಜೇಲಿನಾಗ ಕೊಳೀಲಿಲ್ಲಂದ್ರ ಆ ಕಣ್ಣು ಉಳೀತಿತ್ತಂತ, ದವಾಖಾನಿ ಡಾಕ್ಟರ್ ಹೇಳ್ಯಾನ. ಅದನ್ನ ನೆನಸ್ಕೊಂಡ್ರ ನಿನ್ನ ಕೊಳ್ಳು ಹಿಚಕಬೇಕು ಅನಸ್ತದ. ಹೊಗಿ ಬಿಟ್ಟ ನನ್ನ ಕೈನೂ ಕಡೀಬೇಕು ಅನಸ್ತದ.

ನಾ ನಿನ್ನ ಮಾಫ್ ಮಾಡಿಲ್ಲ. ಅದನ್ನ ತಿಳಕೊಂಡೇ ಮುಂದ ಓದು.

ಜೈತುನ್ಬೀ ಭಾಬಿ ನಿನ್ನ ಕರೀ ಅಂತಾಳ. ಲಗ್ನ ಆಗಿ ಇಪ್ಪತ್ತೈದು ವರ್ಷಾತಂತ, ಇಬ್ಬರದೂ ಕೂಡಿ ಒಂದು ಫೋಟೋ ಇಲ್ಲಂತ. ನಾ ಬ್ಯಾಡ ಅಂದೆ, ಶಹಾಬಾದಿನಿಂದ ಬ್ಯಾರೆಯವ್ರನ್ನ ಕರಸ್ತೀನಿ ಅಂದೆ. ಅಕಿ ಕೇಳವಲ್ಲಳು. ಆ ಮಾಸ್ತರನೇ ಬರಬೇಕು, ಅವನೇ ನೋಡಬೇಕು ಅಂತಾಳ. ಖಾಜಾಮಿಯಾ ಶೆಡ್ಡಿನ ಮುಂದ ಕುರ್ಚಿ ಹಾಕಸ್ತೀನಿ ಅಂದಾನ.

ಐತವಾರ ಮುಂಜಾನಿ ಬಾ. ಮಾರಿ ಅರ್ಧ ಸುಟ್ಟದ, ಕೆನ್ನಿ ಒಳಗ ಹೋಗ್ಯಾದ, ಕಣ್ಣು ಮುಚ್ಚೇದ. ಎಲ್ಲಾ ಹೆಂಗ ಅದ ಹಾಂಗೇ ಬರಬೇಕು. ಕೆಂಪು ಮಸಿ ದೌತಿ ಸೇಡಂದಾಗೇ ಇಟ್ಟು ಬಾ.

ಅಂಬರಾಯ